ಪಿಚ್: ಕಾಗುಣಿತ ಒಂದೇ, ಮನೆತನ ಎರಡು

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮೊದಲ ಪಿಯುಸಿ ವಿಜ್ಞಾನ ಸೇರಿದ್ದಾಳೆ. ಲ್ಯಾಬಿನಲ್ಲಿ ಸ್ಕ್ರೂ ಗೇಜಿನ (ತೆಳು ವಸ್ತುಗಳ ದಪ್ಪ ಅಳೆಯುವ ಉಪಕರಣ) ‘ಪಿಚ್’ ಕಂಡುಹಿಡಿಯಬೇಕಂತೆ. ಶಬ್ದದ ಪಾಠದಲ್ಲೂ ಪಿಚ್ ಇದೆ. ಇಂಗ್ಲಿಷ್ ಪಾಠದಲ್ಲಿ ‘ಪಿಚ್ ಡಾರ್ಕ್’ ಬಂತು. ಟಿವಿ ಹಾಕಿದರೆ ಕ್ರಿಕೆಟ್ ಪಿಚ್. ಅವಳ ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನು ‘ಇನ್ವೆಸ್ಟರಿಗೆ ಪಿಚ್ ಮಾಡಬೇಕು’ ಅನ್ನುತ್ತಾನೆ. ನಿಘಂಟು ತೆಗೆದರೆ ಸಾಲುಸಾಲು ಅರ್ಥ. ಇದೆಲ್ಲ ಒಂದೇ ಪದವೇ? ಎಲ್ಲವನ್ನೂ ಬಾಯಿಪಾಠ ಮಾಡಬೇಕೇ? ಅವಳಿಗೆ ಹೇಗೆ ಹೇಳಿಕೊಡಲಿ?

ಉತ್ತರ: ಬಾಯಿಪಾಠ ಮಾತ್ರ ಮಾಡಿಸಬೇಡಿ. ಪಟ್ಟಿ ಕಲಿತದ್ದು ಪರೀಕ್ಷೆ ಮುಗಿಯುವ ಹೊತ್ತಿಗೆ ಮರೆತುಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಥ ಪದ ಎದುರಾದಾಗ ‘ನನಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಅರ್ಥವಾಗುತ್ತಿಲ್ಲ’ ಎಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಇಂಗ್ಲಿಷ್ ಪಾಠ ಮಾಡುವಾಗ ಇದನ್ನು ತುಂಬ ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟವಾಗಿದೆ. ಈ ಪದ ನಿಜಕ್ಕೂ ಕಷ್ಟದ್ದು. ಸ್ಕ್ರೂವಿನ ಪಿಚ್‌ಗೂ ಹಾಡಿನ ಪಿಚ್‌ಗೂ ಏನು ಸಂಬಂಧ ಅಂತ ಇಂಗ್ಲಿಷ್ ಮನೆಮಾತಿನವರನ್ನು ಕೇಳಿದರೂ ಥಟ್ಟನೆ ಉತ್ತರ ಬರುವುದಿಲ್ಲ. ಇದನ್ನು ಮಗಳಿಗೆ ಮೊದಲು ಹೇಳಿ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಇದು ಒಂದು ಪದವಲ್ಲ, ಎರಡು. ಬರೆಯುವುದು ಒಂದೇ ಥರ, ಹೇಳುವುದೂ ಒಂದೇ ಥರ. ಹುಟ್ಟಿದ್ದು ಮಾತ್ರ ಬೇರೆ ಬೇರೆ ಕಡೆ. ನೀವು ಕೊಟ್ಟ ಐದು ಉದಾಹರಣೆಗಳಲ್ಲಿ ‘ಪಿಚ್ ಡಾರ್ಕ್’ ಒಂದು ಮನೆತನದ್ದು. ಉಳಿದ ನಾಲ್ಕೂ ಇನ್ನೊಂದು ಮನೆತನದವು. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪಿಚ್ ಬೇರೆ ಬೇರೆ ತಲೆಪದವಾಗಿ ಬರುತ್ತದೆ, ಪದದ ಪಕ್ಕದಲ್ಲಿ ಸಣ್ಣದಾಗಿ 1, 2 ಎಂದು ಅಂಕಿ ಹಾಕಿರುತ್ತಾರೆ. ಆ ಅಂಕಿಯ ಕಡೆಗೆ ಹೆಚ್ಚಿನವರ ಕಣ್ಣೇ ಹೋಗುವುದಿಲ್ಲ. ಅದೇ ಮುಖ್ಯ. ಅಂಕಿ ಬೇರೆ ಅಂದರೆ ಸಾಮಾನ್ಯವಾಗಿ ಹುಟ್ಟು ಬೇರೆ.

ಇದು ಇಂಗ್ಲಿಷಿಗೆ ಮಾತ್ರ ಬಂದ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮ ‘ಕರಿ’ ತೆಗೆದುಕೊಳ್ಳಿ. ಕರಿ ಬೆಕ್ಕು ಅಂದರೆ ಕಪ್ಪು ಬೆಕ್ಕು. ಬೋಂಡ ಕರಿ ಅಂದರೆ ಎಣ್ಣೆಗೆ ಬಿಡು. ಹಳೆಯ ಕಾವ್ಯದಲ್ಲಿ ಕರಿ ಅಂದರೆ ಆನೆ. ಆನೆ ಕಪ್ಪಗಿರುತ್ತದೆ, ಅದಕ್ಕೇ ಆ ಹೆಸರು ಅಂತ ಮಕ್ಕಳು ಊಹೆ ಮಾಡುತ್ತಾರೆ. ಒಳ್ಳೆಯ ಊಹೆ, ಆದರೆ ಸರಿಯಲ್ಲ. ಆ ಕರಿ ಸಂಸ್ಕೃತದ್ದು. ಕರ ಅಂದರೆ ಕೈ, ಸೊಂಡಿಲು. ಸೊಂಡಿಲು ಇರುವುದು ಕರಿ. ಬಣ್ಣಕ್ಕೂ ಅದಕ್ಕೂ ನಂಟಿಲ್ಲ. ಇದನ್ನು ಮಗಳಿಗೆ ತೋರಿಸಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಕನ್ನಡದಲ್ಲಿ ದಿನಾ ಮಾಡುತ್ತಿರುವ ಕೆಲಸವನ್ನೇ ಇಂಗ್ಲಿಷಿನಲ್ಲೂ ಮಾಡಬೇಕು, ಅಷ್ಟೇ.

ಮೊದಲ ಪಿಚ್ ಒಂದು ವಸ್ತು. ಕಪ್ಪಗೆ, ಅಂಟಂಟಾಗಿ, ತಣ್ಣಗಾದರೆ ಕಲ್ಲಿನಂತೆ ಕಾಣುವ ವಸ್ತು. ಪೈನ್ ಮರದ ರಾಳವನ್ನೋ ಕಲ್ಲಿದ್ದಲಿನ ಟಾರನ್ನೋ ಕಾಯಿಸಿ ಕಾಯಿಸಿ, ತೆಳ್ಳಗಿನದೆಲ್ಲ ಹಾರಿಹೋದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಭಾಗ ಇದು. ಲ್ಯಾಟಿನ್ನಿನಲ್ಲಿ ಇದಕ್ಕೆ ‘ಪಿಕ್ಸ್’ ಅನ್ನುತ್ತಿದ್ದರು. ಅಲ್ಲಿಂದ ಹಳೆಯ ಇಂಗ್ಲಿಷಿಗೆ ‘ಪಿಕ್’ ಆಗಿ ಬಂತು. ಜರ್ಮನ್ನಿನ ‘ಪೆಖ್’ ಕೂಡ ಇದೇ. ಕನ್ನಡದಲ್ಲಿ ನಾವು ಟಾರು, ಪಿಚ್, ರಸ್ತೆಗೆ ಹಾಕುವ ಬಿಟುಮೆನ್ ಎಲ್ಲವನ್ನೂ ಡಾಂಬರು ಅಂದುಬಿಡುತ್ತೇವೆ. ದಿನದ ಮಾತಿಗೆ ಅಷ್ಟು ಸಾಕು.

ಮರದ ಹಡಗುಗಳ ಕಾಲದಲ್ಲಿ ಪಿಚ್ ಇಲ್ಲದೆ ಸಮುದ್ರಕ್ಕೆ ಇಳಿಯುವಂತೆಯೇ ಇರಲಿಲ್ಲ. ಹಲಗೆಗಳ ಸಂದಿಗೆ ನಾರು ತುರುಕಿ, ಮೇಲೆ ಬಿಸಿ ಪಿಚ್ ಸುರಿದರೆ ನೀರು ಒಳಗೆ ಬರುತ್ತಿರಲಿಲ್ಲ. ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪದಲ್ಲಿ ಲಾ ಬ್ರೆಯಾ ಅಂತ ಒಂದು ಊರಿದೆ. ಅಲ್ಲಿ ನೆಲದಿಂದಲೇ ಇಂಥ ಕಪ್ಪು ವಸ್ತು ಉಕ್ಕಿ, ಸುಮಾರು ನೂರು ಎಕರೆಯ ಕೆರೆಯಾಗಿ ನಿಂತಿದೆ. ಹೆಸರೇ ಪಿಚ್ ಲೇಕ್. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರ್‍ಯಾಲಿ ಅಲ್ಲಿಗೆ ಹೋದಾಗ ತನ್ನ ಹಡಗುಗಳ ಸಂದಿ ಮುಚ್ಚಲು ಇದನ್ನೇ ಬಳಸಿದ. ಅಷ್ಟು ಕಪ್ಪಾದ ವಸ್ತುವನ್ನು ದಿನಾ ನೋಡುತ್ತಿದ್ದ ಜನ ಕಗ್ಗತ್ತಲೆಗೆ ‘ಪಿಚ್ ಡಾರ್ಕ್’ ಅಂದದ್ದು ಸಹಜ ಅಲ್ವಾ? ಮಗಳ ಪಾಠದಲ್ಲಿ ಬಂದದ್ದು ಇದು. ಪಿಚ್‌ನಂತೆ ಕಪ್ಪಾದ ಕತ್ತಲೆ.

ಈ ವಸ್ತುವಿನ ಮೇಲೆ ನಡೆಯುತ್ತಿರುವ ಒಂದು ಪ್ರಯೋಗ ವಿಜ್ಞಾನ ಓದುವ ಹುಡುಗಿಗೆ ಖಂಡಿತ ಇಷ್ಟವಾಗುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಭೌತಶಾಸ್ತ್ರದ ಮೇಷ್ಟರು 1927ರಲ್ಲಿ ಪಿಚ್ ಕಾಯಿಸಿ, ಕೆಳಗಿನ ಬಾಯಿ ಮುಚ್ಚಿದ ಗಾಜಿನ ಆಲಿಕೆಗೆ ಸುರಿದರು. ಅದು ಕೂತುಕೊಳ್ಳಲಿ ಅಂತ ಮೂರು ವರ್ಷ ಬಿಟ್ಟರು. 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುವ ವಸ್ತು ನಿಜವಾಗಿ ದ್ರವ, ಹರಿಯುತ್ತದೆ ಅಂತ ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಉದ್ದೇಶ. ಮೊದಲ ಹನಿ ಬಿದ್ದದ್ದು 1938ರಲ್ಲಿ! ಆಮೇಲೂ ಒಂದೊಂದು ಹನಿಗೆ ಎಂಟು, ಒಂಬತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ವರ್ಷ ಹಿಡಿದಿದೆ. ಲೆಕ್ಕ ಹಾಕಿದಾಗ ಪಿಚ್ ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಮಂದವಾದ ದ್ರವ ಎಂದು ತಿಳಿಯಿತು.

ಪಾರ್ನೆಲ್ ಆದ ಮೇಲೆ ಇದನ್ನು ನೋಡಿಕೊಂಡವರು ಜಾನ್ ಮೇನ್‌ಸ್ಟೋನ್. 1961ರಿಂದ ಹಿಡಿದು ತೀರಿಹೋಗುವವರೆಗೆ ಕಾದರು. 1988ರಲ್ಲಿ ಏನೋ ಕುಡಿದು ಬರೋಣ ಅಂತ ಸ್ವಲ್ಪ ಹೊತ್ತು ಹೊರಗೆ ಹೋದಾಗಲೇ ಹನಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟಿದ್ದರು, ಆ ಹೊತ್ತಿಗೇ ಕ್ಯಾಮೆರಾ ಕೆಟ್ಟಿತ್ತು. 2013ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು, ಒಂದು ಹನಿ ಬೀಳುವುದನ್ನೂ ಕಣ್ಣಾರೆ ನೋಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 1944ರಿಂದ ನಡೆಯುತ್ತಿದ್ದ ಇಂಥದೇ ಪ್ರಯೋಗದಲ್ಲಿ ಹನಿ ಬೀಳುವುದು ಕೊನೆಗೂ ಕ್ಯಾಮೆರಾದಲ್ಲಿ ಸೆರೆಯಾಯಿತು. ಅದರ ವಿಡಿಯೋ ನೋಡಲು ಸಿಗುತ್ತದೆ, ಮಗಳ ಜೊತೆ ಕೂತು ನೋಡಿ.

ಇದೇ ಮನೆತನದ ಇನ್ನೊಂದು ಪದ ಅವಳಿಗೆ ರಸಾಯನಶಾಸ್ತ್ರದಲ್ಲಿ ಸಿಗಬಹುದು: ಪಿಚ್‌ಬ್ಲೆಂಡ್. ಯುರೇನಿಯಂ ಇರುವ ಕಪ್ಪು ಅದಿರು. ಕ್ಯೂರಿ ದಂಪತಿ 1898ರಲ್ಲಿ ಪೊಲೋನಿಯಂ, ರೇಡಿಯಂ ಎರಡನ್ನೂ ಕಂಡುಹಿಡಿದದ್ದು ಇದರಲ್ಲೇ. ಜರ್ಮನ್ ಗಣಿಯವರು ಇಟ್ಟ ಹೆಸರು ಇಂಗ್ಲಿಷಿಗೆ ಹಾಗೇ ಬಂತು. ಕಪ್ಪಗೆ ಮಿರುಗುವುದು ಬಿಟ್ಟರೆ ಅದರಲ್ಲಿ ಡಾಂಬರು ಏನೂ ಇಲ್ಲ. ಒಂದು ಪದದಲ್ಲಿ ಕಪ್ಪು, ಅಂಟು, ಡಾಂಬರು ಕಂಡರೆ ಅದು ಮೊದಲನೇ ಪಿಚ್. ಅಲ್ಲಿಗೆ ಈ ಮನೆತನ ಮುಗಿಯಿತು, ಚಿಕ್ಕದು.

ಎರಡನೇ ಪಿಚ್ ದೊಡ್ಡ ಸಂಸಾರ. ಇದು ಹುಟ್ಟಿದ್ದು ಒಂದು ಕ್ರಿಯಾಪದವಾಗಿ, ಸುಮಾರು ಎಂಟುನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ. ಮೂಲ ಅರ್ಥ ಚುಚ್ಚಿ ನಿಲ್ಲಿಸು, ನೆಡು, ನಾಟು. ಗೂಟವನ್ನು ನೆಲಕ್ಕೆ ಹೊಡೆದು ನಿಲ್ಲಿಸುವುದು ಪಿಚ್. ಈ ಒಂದು ಚಿತ್ರ ಮಗಳ ತಲೆಯಲ್ಲಿ ಗಟ್ಟಿಯಾಗಿ ಕೂರಲಿ. ಉಳಿದದ್ದೆಲ್ಲ ಇದರಿಂದ ಬರುತ್ತದೆ.

ಡೇರೆಗೆ ಗೂಟ ಹೊಡೆಯುತ್ತೇವೆ, ಆದ್ದರಿಂದ ಇಂಗ್ಲಿಷಿನಲ್ಲಿ ಡೇರೆ ‘ಪಿಚ್’ ಮಾಡುತ್ತಾರೆ. ಕನ್ನಡದಲ್ಲಿ ಬಿಡಾರ ಹೂಡುತ್ತೇವೆ. ನಮ್ಮ ‘ಹೂಡು’ ಎಷ್ಟು ಕಡೆ ಓಡಾಡುತ್ತದೆ ನೋಡಿ. ನೇಗಿಲಿಗೆ ಎತ್ತು ಹೂಡು, ಬಿಲ್ಲಿಗೆ ಬಾಣ ಹೂಡು, ಕೋರ್ಟಿನಲ್ಲಿ ದಾವೆ ಹೂಡು, ಸಂಚು ಹೂಡು, ಬಂಡವಾಳ ಹೂಡು. ಎತ್ತಿಗೂ ಬಂಡವಾಳಕ್ಕೂ ಏನು ಸಂಬಂಧ ಅಂತ ನಾವು ಯಾವತ್ತೂ ಕೇಳಿಕೊಂಡಿಲ್ಲ. ತಂದು ಜೋಡಿಸುವುದು, ಕೆಲಸಕ್ಕೆ ಸಿದ್ಧಮಾಡಿ ನಿಲ್ಲಿಸುವುದು ಅನ್ನುವ ಒಳಗಿನ ಅರ್ಥ ನಮಗೆ ಹೇಳದೆಯೇ ಗೊತ್ತು. ‘ಕರಿ’ ಬೇರೆ ಬೇರೆ ಪದ, ‘ಹೂಡು’ ಒಂದೇ ಪದದ ಕವಲುಗಳು. ಈ ಎರಡರ ವ್ಯತ್ಯಾಸ ಹಿಡಿದರೆ ಸಾಕು. ಎರಡು ಪಿಚ್‌ಗಳ ನಡುವೆ ಇರುವುದು ‘ಕರಿ’ಯ ಕಥೆ. ಎರಡನೇ ಪಿಚ್‌ನ ಒಳಗೆ ನಡೆಯುವುದು ‘ಹೂಡು’ವಿನ ಕಥೆ.

ಈಗ ಕ್ರಿಕೆಟ್ಟಿಗೆ ಬನ್ನಿ. ಆಟ ಶುರುವಾಗಬೇಕಾದರೆ ಮೊದಲು ಮಾಡುವುದೇನು? ಸ್ಟಂಪ್ ನೆಡುವುದು. 1744ರ ಕ್ರಿಕೆಟ್ ನಿಯಮಗಳಲ್ಲಿ ವಿಕೆಟ್ ನೆಡುವುದಕ್ಕೆ ಬಳಸಿರುವ ಕ್ರಿಯಾಪದ ಪಿಚ್. ಮೊದಲ ವಿಕೆಟ್ ಎಲ್ಲಿ ನೆಡಬೇಕು ಎನ್ನುವುದು ನಾಣ್ಯ ಚಿಮ್ಮಿ ತೀರ್ಮಾನವಾಗಬೇಕು ಅಂತ ಅಲ್ಲಿ ಬರೆದಿದೆ. ಕಡ್ಡಿ ನೆಡುವ ಕೆಲಸದ ಹೆಸರು ಆಮೇಲೆ ಕಡ್ಡಿ ನೆಟ್ಟ ಜಾಗಕ್ಕೂ ಬಂತು. ಇವತ್ತು ಪಿಚ್ ಅಂದರೆ 22 ಗಜ ಉದ್ದ, 10 ಅಡಿ ಅಗಲದ ಆ ಪಟ್ಟಿ. 22 ಗಜ ಅಂದರೆ 66 ಅಡಿ, ಅಂದರೆ ಇಂಗ್ಲೆಂಡಿನ ಸರ್ವೆಯವರ ಒಂದು ಸರಪಳಿ. ನಮ್ಮ ಜಮೀನು ಅಳತೆಗೂ ಇದೇ ಸಂಬಂಧ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ ಚೌಕ, ಒಟ್ಟು 1,089 ಚದರಡಿ. ನಮ್ಮ ಸರ್ವೆಯ ಚೈನು 33 ಅಡಿ, ಆ ಉದ್ದದ ಸರಿಯಾಗಿ ಅರ್ಧ. ಎರಡು ಗುಂಟೆಯನ್ನು ಅಕ್ಕಪಕ್ಕ ಇಟ್ಟರೆ ಆ ಉದ್ದಕ್ಕೆ ಒಂದು ಕ್ರಿಕೆಟ್ ಪಿಚ್ ಸರಿಯಾಗಿ ಕೂರುತ್ತದೆ. ಹೊಲದ ಲೆಕ್ಕ ಗೊತ್ತಿರುವ ಮನೆಯಾದರೆ ಇದನ್ನು ಮಗಳಿಗೆ ನೆಲದಲ್ಲೇ ಅಳೆದು ತೋರಿಸಿ.

ಕ್ರಿಕೆಟ್ಟಿನಲ್ಲೇ ಇನ್ನೊಂದು ಪಿಚ್ ಇದೆ. ಚೆಂಡು ‘ಲೆಗ್ ಸ್ಟಂಪಿನ ಹೊರಗೆ ಪಿಚ್ ಆಯಿತು’ ಅನ್ನುತ್ತಾರೆ, ಹಾಗಾದರೆ ಎಲ್‌ಬಿಡಬ್ಲ್ಯು ಕೊಡುವಂತಿಲ್ಲ. ಇಲ್ಲಿ ಪಿಚ್ ಅಂದರೆ ನೆಲಕ್ಕೆ ಬಡಿಯುವುದು. ಇದು ಎಲ್ಲಿಂದ ಬಂತು? ಭರ್ಜಿಯನ್ನು ನೆಲಕ್ಕೆ ಚುಚ್ಚುವುದಕ್ಕೂ ನೆಲಕ್ಕೆ ನಾಟುವಂತೆ ಎಸೆಯುವುದಕ್ಕೂ ಜಾಸ್ತಿ ದೂರವಿಲ್ಲ. ಚುಚ್ಚುವುದು ಎಸೆಯುವುದಾಯಿತು, ಎಸೆದದ್ದು ಬೀಳುವುದೂ ಆಯಿತು. ಅಮೆರಿಕದ ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಪಿಚರ್. ಫುಟ್‌ಬಾಲ್ ಮೈದಾನಕ್ಕೂ ಬ್ರಿಟನ್ನಿನವರು ಪಿಚ್ ಅನ್ನುತ್ತಾರೆ. ಅಮೆರಿಕದವರು ಹೆಚ್ಚಾಗಿ ಫೀಲ್ಡ್ ಅನ್ನುತ್ತಾರೆ.

ನಿಮ್ಮ ಮಗನ ‘ಇನ್ವೆಸ್ಟರಿಗೆ ಪಿಚ್’ ಕೂಡ ಇಲ್ಲಿಯದೇ. ಬ್ರಿಟನ್ನಿನಲ್ಲಿ ಬೀದಿ ವ್ಯಾಪಾರಿ ತನ್ನ ಗಾಡಿ ಹಾಕಿಕೊಳ್ಳುವ ಜಾಗಕ್ಕೆ ಇವತ್ತಿಗೂ ಪಿಚ್ ಅನ್ನುತ್ತಾರೆ. ನಮ್ಮ ಸಂತೆಯಲ್ಲಿ ಬೆಳಗ್ಗೆಯೇ ಬಂದು ಜಾಗ ಹಿಡಿದು ನಾಲ್ಕು ಗೂಟ ನೆಟ್ಟು ಟಾರ್ಪಾಲು ಕಟ್ಟುತ್ತಾರಲ್ಲ, ಆ ಜಾಗ. ಅಲ್ಲಿ ನಿಂತು ಸಾಮಾನಿನ ಗುಣಗಾನ ಮಾಡುವ ಮಾತಿಗೂ 19ನೇ ಶತಮಾನದ ಕೊನೆಯ ಹೊತ್ತಿಗೆ ಅದೇ ಹೆಸರು ಅಂಟಿಕೊಂಡಿತು. ಈಗ ಬೆಂಗಳೂರಿನ ಹುಡುಗರು ಲ್ಯಾಪ್‌ಟಾಪ್ ತೆರೆದು ಹತ್ತು ಸ್ಲೈಡು ತೋರಿಸಿ ತಮ್ಮ ಕಂಪನಿಗೆ ದುಡ್ಡು ಹಾಕಿ ಅಂತ ಒಪ್ಪಿಸುವುದಕ್ಕೂ ಅದೇ ಮಾತು. ಮುಂದೆ ಚರಿತ್ರೆ ಪುಸ್ತಕದಲ್ಲಿ ‘ಪಿಚ್ಡ್ ಬ್ಯಾಟಲ್’ ಬಂದರೂ ಗಾಬರಿ ಬೇಡ. ಎರಡೂ ಕಡೆಯವರು ಮೊದಲೇ ಜಾಗ ನೋಡಿ, ಸಾಲುಗಟ್ಟಿ ನಿಂತು ಮಾಡುವ ಯುದ್ಧ ಅದು.

ಇಲ್ಲಿಯವರೆಗೆ ದಾರಿ ಸುಲಭ. ಮುಂದೆ ಸ್ವಲ್ಪ ಯೋಚಿಸಬೇಕು, ಯಾಕೆಂದರೆ ಪಿಚ್ ಇಲ್ಲಿಂದ ಎತ್ತರಕ್ಕೆ ಹಾರುತ್ತದೆ.

ಒಂದು ವಸ್ತುವನ್ನು ನೆಟ್ಟು ನಿಲ್ಲಿಸಿದ ಬಿಂದು ಯಾವುದೋ, ಅದೇ ಅದರ ಮಟ್ಟ. ಹೀಗೆ ಪಿಚ್‌ಗೆ ಮಟ್ಟ, ಎತ್ತರ ಎನ್ನುವ ಅರ್ಥ ಬಂತು. ಇಂಗ್ಲೆಂಡಿನಲ್ಲಿ ಡೇಗೆ ಹಕ್ಕಿಯನ್ನು ಪಳಗಿಸಿ ಬೇಟೆಯಾಡುತ್ತಿದ್ದ ಕಾಲದಲ್ಲಿ, ಹಕ್ಕಿ ಎರಗುವ ಮೊದಲು ಏರಿ ನಿಲ್ಲುವ ಎತ್ತರಕ್ಕೆ ಪಿಚ್ ಅನ್ನುತ್ತಿದ್ದರು. ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದ ಮೊದಲ ದೃಶ್ಯದಲ್ಲೇ ಇದು ಬರುತ್ತದೆ. ಸೀಸರನ ರೆಕ್ಕೆಯ ಗರಿ ಕಿತ್ತರೆ ಅವನು ಎಲ್ಲರಷ್ಟೇ ‘ಪಿಚ್’ನಲ್ಲಿ ಹಾರುತ್ತಾನೆ ಅಂತ ಒಬ್ಬ ಹೇಳುತ್ತಾನೆ. ಇಲ್ಲಿ ಡಾಂಬರು ಅಂತಲೋ ಮೈದಾನ ಅಂತಲೋ ಓದಿಕೊಂಡರೆ ಕಥೆ ಕೆಟ್ಟಿತು.

ಧ್ವನಿಯ ಎತ್ತರವೂ ಹೀಗೇ ಪಿಚ್ ಆಯಿತು. ಈ ವಿಷಯದಲ್ಲಿ ನಮ್ಮ ಭಾಷೆ ಮಗಳನ್ನು ಕೊಂಚ ದಾರಿ ತಪ್ಪಿಸಬಹುದು, ಎಚ್ಚರ. ‘ದನಿ ಏರಿಸಬೇಡ’ ಅಂತ ಅಮ್ಮ ಗದರಿದರೆ ಅದು ಗಟ್ಟಿಯಾಗಿ ಕೂಗಬೇಡ ಅಂತ. ‘ಮೇಲಿನ ಸ್ಥಾಯಿಗೆ ಏರಿಸು’ ಅಂತ ಸಂಗೀತದ ಮೇಷ್ಟರು ಹೇಳಿದರೆ ಅದು ಬೇರೆ. ಭೌತಶಾಸ್ತ್ರಕ್ಕೆ ಬೇಕಾದ ಪಿಚ್ ಎರಡನೆಯದು. ಸೊಳ್ಳೆಯ ಗುಂಯ್ ಅನ್ನುವ ಸದ್ದು ಎಷ್ಟು ಸಣ್ಣದಾದರೂ ಅದರ ಪಿಚ್ ಹೆಚ್ಚು. ಸಿಂಹದ ಗರ್ಜನೆ ಕಾಡನ್ನೇ ನಡುಗಿಸಿದರೂ ಪಿಚ್ ಕಡಿಮೆ. ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎನ್ನುವುದರ ಮೇಲೆ ಪಿಚ್ ನಿಂತಿದೆ. ಎಷ್ಟು ಜೋರಾಗಿ ಕಂಪಿಸುತ್ತದೆ ಎನ್ನುವುದರ ಮೇಲೆ ಗಟ್ಟಿತನ ನಿಂತಿದೆ.

ಸಂಗೀತದವರು ಈ ಪಿಚ್ ಅನ್ನು ಎಲ್ಲಿ ‘ನೆಡಬೇಕು’ ಅಂತ ಯುರೋಪಿನಲ್ಲಿ ದೊಡ್ಡ ಜಗ್ಗಾಟವೇ ನಡೆದಿದೆ. ಒಂದೊಂದು ಊರಿನಲ್ಲಿ ಒಂದೊಂದು ಥರ ವಾದ್ಯ ಕೂಡಿಸುತ್ತಿದ್ದರು. ವಾದ್ಯಗೋಷ್ಠಿ ಹೊಳಪಾಗಿ ಕೇಳಲಿ ಅಂತ ಮೇಲೆ ಮೇಲೆ ಏರಿಸುತ್ತಾ ಹೋದರು, ಹಾಡುವವರ ಗಂಟಲು ಕೆಟ್ಟಿತು. 1859ರಲ್ಲಿ ಫ್ರಾನ್ಸ್ ಸರ್ಕಾರ ಕಾನೂನು ಮಾಡಿ ಪಾಶ್ಚಾತ್ಯ ಸಂಗೀತದ ‘ಎ’ ಸ್ವರವನ್ನು 435 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 435 ಕಂಪನಕ್ಕೆ ನಿಲ್ಲಿಸಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ ಅದನ್ನು 440 ಮಾಡಿತು. ಇವತ್ತಿನ ಕೀಬೋರ್ಡ್, ಮೊಬೈಲಿನ ಟ್ಯೂನರ್ ಎಲ್ಲವೂ ಹೆಚ್ಚಾಗಿ ಆ 440ಕ್ಕೇ ಕೂತಿವೆ.

ನಮ್ಮ ಸಂಗೀತ ಈ ಜಗ್ಗಾಟಕ್ಕೆ ಹೋಗಲೇ ಇಲ್ಲ. ನಮ್ಮ ಷಡ್ಜ ಹಾಡುವವರ ಗಂಟಲಿಗೆ ಹೊಂದಿದಲ್ಲಿ ಇರುತ್ತದೆ. ಅದನ್ನೇ ಶ್ರುತಿ ಅನ್ನುತ್ತೇವೆ. ಯಕ್ಷಗಾನದ ಭಾಗವತರು ‘ಕಪ್ಪು ಎರಡು’ ‘ಬಿಳಿ ಮೂರು’ ಅಂತ ಹೇಳುವುದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ. ಧಾರವಾಡದ ಕಡೆ ‘ಕಾಳಿ ಒಂದು’ ಅಂದರೆ ಮೊದಲ ಕಪ್ಪು ಮನೆ. 440ರ ಲೆಕ್ಕದಲ್ಲಿ ಕೂಡಿಸಿದ ಪೆಟ್ಟಿಗೆಯಾದರೆ ಮಧ್ಯದ ಬಿಳಿ ಒಂದು ಸುಮಾರು 262 ಹರ್ಟ್ಸ್, ಕಪ್ಪು ಒಂದು ಸುಮಾರು 277. ಮನೆಯಲ್ಲಿ ಶ್ರುತಿಪೆಟ್ಟಿಗೆಯೋ ತಂಬೂರಿ ಆ್ಯಪೋ ಇದ್ದರೆ ಒಂದು ಪ್ರಯೋಗ ಮಾಡಿ. ಶ್ರುತಿಯನ್ನು ಹಾಗೇ ಇಟ್ಟು ವಾಲ್ಯೂಮ್ ಏರಿಸಿ. ಆಮೇಲೆ ವಾಲ್ಯೂಮ್ ಹಾಗೇ ಇಟ್ಟು ಶ್ರುತಿ ಏರಿಸಿ. ಎರಡು ನಿಮಿಷದಲ್ಲಿ ಪಿಚ್ ಬೇರೆ, ಗಟ್ಟಿತನ ಬೇರೆ ಅಂತ ಕಿವಿಗೇ ತಿಳಿಯುತ್ತದೆ. ಯಾವ ಗೈಡೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಮನೆಯ ಮಾಡಿನ ಇಳಿಜಾರಿಗೂ ಪಿಚ್ ಅನ್ನುತ್ತಾರೆ. ಗಾರೆಯವರು ‘ವಾಟ’ ಅನ್ನುವುದು ಇದನ್ನೇ. ಮಲೆನಾಡಿನ ಹೆಂಚಿನ ಮನೆಗೆ ವಾಟ ಜಾಸ್ತಿ, ಮಳೆ ನಿಲ್ಲಬಾರದು.

ಈಗ ಲ್ಯಾಬಿಗೆ. ಸ್ಕ್ರೂವನ್ನು ಕಣ್ಣಿನ ಹತ್ತಿರ ಹಿಡಿದು ನೋಡಲು ಹೇಳಿ. ಸುರುಳಿಯಾಗಿ ಏಣುಗಳು ಮೇಲೇರುತ್ತವೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಥ್ರೆಡ್ ಅನ್ನುತ್ತಾರೆ. ಒಂದು ಏಣಿನ ತುದಿಯಿಂದ ಪಕ್ಕದ ಏಣಿನ ತುದಿಗೆ ಇರುವ ಅಂತರವೇ ಪಿಚ್. ಸಾಲಾಗಿ ನೆಟ್ಟ ಗೂಟಗಳ ನಡುವಿನ ಅಂತರ ಅಂತ ನೋಡಿದರೆ ಮೂಲ ಅರ್ಥಕ್ಕೆ ಕೊಂಡಿ ಸಿಗುತ್ತದೆ. ಸ್ಕ್ರೂವನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಇಷ್ಟೇ ದೂರ ಮುಂದೆ ಹೋಗುತ್ತದೆ. ಸ್ಕ್ರೂ ಗೇಜಿನ ಜಾಣತನವೆಲ್ಲ ಇಲ್ಲೇ ಇದೆ. ತಲೆಯನ್ನು ಐದು ಸುತ್ತು ತಿರುಗಿಸಿ, ಉದ್ದದ ಸ್ಕೇಲಿನಲ್ಲಿ 5 ಮಿಲಿಮೀಟರ್ ಸರಿದಿತು ಅಂದುಕೊಳ್ಳಿ. ಹಾಗಾದರೆ ಪಿಚ್ 1 ಮಿಲಿಮೀಟರ್. ತಲೆಯ ಸುತ್ತ 100 ಗೆರೆ ಇವೆ. ಒಂದು ಗೆರೆಯಷ್ಟು ತಿರುಗಿಸಿದರೆ ಸ್ಕ್ರೂ ಸರಿಯುವುದು 1 ಮಿಲಿಮೀಟರಿನ ನೂರನೇ ಒಂದು ಭಾಗ, ಅಂದರೆ 0.01 ಮಿಲಿಮೀಟರ್. ಅದೇ ಲೀಸ್ಟ್ ಕೌಂಟ್, ಈ ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆಯನ್ನು ಸುತ್ತಿನಲ್ಲಿ ಹರಡಿ ಕಣ್ಣಿಗೆ ಕಾಣುವಂತೆ ಮಾಡಿದ್ದಾರೆ. ತಲೆಕೂದಲಿನ ದಪ್ಪವನ್ನೂ ಇದರಿಂದ ಅಳೆಯಬಹುದು. ಅವಳದೇ ಕೂದಲು ಅಳೆದು ನೋಡಲಿ.

ಇದು ಲ್ಯಾಬಿನ ಒಳಗಷ್ಟೇ ಇರುವ ಪದವಲ್ಲ. ಬೈಕಿನ ಕನ್ನಡಿ ಬೋಲ್ಟ್ ಕಳೆದು ಬೇರೆ ತರಲು ಹೋದರೆ ಅಂಗಡಿಯವರು ‘ಹತ್ತು ಎಂಎಂ, ಪಿಚ್ ಎಷ್ಟು?’ ಅಂತ ಕೇಳುತ್ತಾರೆ. ಹತ್ತು ಮಿಲಿಮೀಟರ್ ದಪ್ಪದ ಬೋಲ್ಟ್ ಸಾಮಾನ್ಯವಾಗಿ 1.5 ಪಿಚ್‌ನದು. ಬೈಕಿನ ಕನ್ನಡಿಗೆ ಹೆಚ್ಚಾಗಿ ಬೇಕಾಗುವುದು 1.25ರದು. ಪಿಚ್ ಬೇರೆಯದಾದರೆ ಒಂದೆರಡು ಸುತ್ತು ಹೋಗಿ ಬಿಗಿದು ನಿಲ್ಲುತ್ತದೆ. ಬಲ ಹಾಕಿದರೆ ಥ್ರೆಡ್ ಕಿತ್ತುಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಪಿಚ್ ಗೇಜ್ ಅಂತ ಒಂದು ಸಣ್ಣ ಉಪಕರಣ ಇರುತ್ತದೆ. ಗರಗಸದಂಥ ಹಲ್ಲಿರುವ ತೆಳು ಪಟ್ಟಿಗಳ ಗೊಂಚಲು. ಒಂದೊಂದೇ ಪಟ್ಟಿಯನ್ನು ಬೋಲ್ಟಿನ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರದೆ ಕೂತ ಪಟ್ಟಿಯ ಮೇಲೆ ಬರೆದಿರುವುದೇ ಪಿಚ್. ಪರಿಚಯದ ಗ್ಯಾರೇಜಿದ್ದರೆ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, ಅದೂ ಪಿಚ್. ವಿಮಾನದಲ್ಲಿ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ ಅಂತ ಬೈಯುತ್ತೇವಲ್ಲ, ಅಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿನ ಅದೇ ಜಾಗಕ್ಕೆ ಇರುವ ಅಂತರ ಸೀಟ್ ಪಿಚ್. ಕಡಿಮೆ ದರದ ವಿಮಾನಗಳಲ್ಲಿ 28ರಿಂದ 30 ಇಂಚು ಇರುತ್ತದೆ.

ವಿಮಾನದ ಮಾತು ಬಂತಲ್ಲ, ಅದರ ಮೂತಿ ಮೇಲೆ ಕೆಳಗೆ ಆಡುವುದಕ್ಕೂ ಪಿಚ್ ಅನ್ನುತ್ತಾರೆ. ಅದು ಹಡಗಿನವರ ಮಾತು. ಅಲೆಗೆ ಸಿಕ್ಕಿದ ಹಡಗು ಮುಂದಕ್ಕೆ ಮುಗ್ಗರಿಸಿ ಎದ್ದಂತೆ ಆಡುವುದನ್ನು, ಎಸೆಯುವ ಅರ್ಥದಿಂದ ಎತ್ತಿಕೊಂಡರು. ಪ್ರೊಪೆಲ್ಲರಿನ ಪಿಚ್ ಮಾತ್ರ ಸ್ಕ್ರೂವಿನ ಕಡೆಯದು. ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಎನ್ನುವ ಲೆಕ್ಕ. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ್ ಹೆಲಿಕಾಪ್ಟರಿನಲ್ಲೂ ಪೈಲಟ್ ಎಡಗೈಯ ಸನ್ನೆಕೋಲನ್ನು ಎತ್ತಿದಾಗ ಎಲ್ಲ ರೆಕ್ಕೆಗಳ ಓರೆ ಒಟ್ಟಿಗೆ ಹೆಚ್ಚುತ್ತದೆ, ಹೆಲಿಕಾಪ್ಟರ್ ಏರುತ್ತದೆ. ಆ ಓರೆಯ ಹೆಸರೂ ಪಿಚ್.

ಒಂದು ಕಡೆ ಮಾತ್ರ ಎಚ್ಚರ ಹೇಳಿ. ಜೀವಶಾಸ್ತ್ರದಲ್ಲಿ ಬರುವ ‘ಪಿಚರ್ ಪ್ಲಾಂಟ್’ ಈ ಎರಡೂ ಮನೆಗೆ ಸೇರಿದ್ದಲ್ಲ. ಅಲ್ಲಿಯ ಪಿಚರ್ ಅಂದರೆ ಹೂಜಿ. ಫ್ರೆಂಚಿನಿಂದ ಬಂದ ಬೇರೆಯೇ ಪದ. ಬೇಸ್‌ಬಾಲಿನ ಪಿಚರ್‌ಗೂ ಅದಕ್ಕೂ ಕಾಗುಣಿತ ಬಿಟ್ಟರೆ ಏನೂ ಸಂಬಂಧವಿಲ್ಲ. ಕನ್ನಡದಲ್ಲಿ ಹೂಜಿ ಗಿಡ ಅನ್ನುತ್ತೇವೆ, ಎಲೆಯ ತುದಿಯ ಹೂಜಿಯಲ್ಲಿ ಹುಳ ಬೀಳಿಸಿಕೊಂಡು ಜೀರ್ಣಿಸಿಕೊಳ್ಳುವ ಗಿಡ. ನಮ್ಮ ದೇಶದಲ್ಲಿ ಮೇಘಾಲಯದ ಬೆಟ್ಟಗಳಲ್ಲಿದೆ.

ಹೇಳಿಕೊಡುವ ಬಗೆಯನ್ನೂ ಕೇಳಿದ್ದೀರಿ. ಪಿಚ್ ಎದುರಾದಾಗ ಮೊದಲು ‘ಇಲ್ಲಿ ಕಪ್ಪು ಬಣ್ಣವೋ ಡಾಂಬರೋ ಇದೆಯಾ?’ ಅಂತ ಕೇಳಿಕೊಳ್ಳಲಿ. ಇಲ್ಲದಿದ್ದರೆ ‘ಇಲ್ಲಿ ಏನನ್ನು ನೆಟ್ಟಿದ್ದಾರೆ?’ ಅಂತ ಹುಡುಕಲಿ. ನೆಟ್ಟ ಜಾಗವೇ, ನೆಟ್ಟ ಎತ್ತರವೇ, ನೆಟ್ಟವುಗಳ ನಡುವಿನ ಅಂತರವೇ, ಇಲ್ಲ ನಾಟುವಂತೆ ಎಸೆದದ್ದೇ? ಹೆಚ್ಚಿನ ಕಡೆ ಉತ್ತರ ಅಲ್ಲೇ ಸಿಗುತ್ತದೆ. ಸಿಕ್ಕಿದ್ದನ್ನು ಕನ್ನಡದಲ್ಲೇ ಒಂದು ಸಾಲು ಬರೆದಿಡಲಿ, ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಹಟ ಬೇಡ. ಪರೀಕ್ಷೆಯ ಮಟ್ಟಿಗೆ ಇನ್ನೊಂದು ಮಾತು. ಸ್ಕ್ರೂ ಗೇಜಿನ ಪಿಚ್ ಒಂದು ಉದ್ದ, ಅದಕ್ಕೆ ಮಿಲಿಮೀಟರ್ ಬರೆಯದಿದ್ದರೆ ಅಂಕ ಹೋಗುತ್ತದೆ. ಧ್ವನಿಯ ಪಿಚ್ ನಮ್ಮ ಕಿವಿಗೆ ಅನ್ನಿಸುವ ಗುಣ. ಹರ್ಟ್ಸ್‌ನಲ್ಲಿ ಅಳೆಯುವುದು ಅದರ ಹಿಂದಿರುವ ಆವೃತ್ತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವುದನ್ನು. ‘ಆವೃತ್ತಿ ಹೆಚ್ಚಿದಂತೆ ಪಿಚ್ ಹೆಚ್ಚುತ್ತದೆ’ ಅಂತ ಬರೆಯಲಿ, ಎರಡೂ ಒಂದೇ ಅಂತ ಬರೆಯುವುದು ಬೇಡ.